ಹೊಸ ಏರ್‌ಫ್ಲೋ ಸೆನ್ಸರ್ ಹಾಕಿದ ಮೇಲೆ ಐಡ್ಲಿಂಗ್ ಏರಿಳಿತ, ಪಿ0171 ಕೋಡ್: ಎಲ್ಲಿಂದ ಹುಡುಕೋದು?

ನಾಲ್ಕುಸಿಲಿಂಡರ್
1.6 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ, ಎಲೆಕ್ಟ್ರಾನಿಕ್ ಥ್ರಾಟಲ್. ಹಳೇ ಮ್ಯಾಫ್ ಸೆನ್ಸರ್ (ಎಂಜಿನ್ ಒಳಗೆ ಹೋಗೋ ಗಾಳಿ ಅಳೆಯೋ ಏರ್‌ಫ್ಲೋ ಸೆನ್ಸರ್) ಸಿಗ್ನಲ್ ಕೊಡೋದು ನಿಲ್ಲಿಸಿತ್ತು, ಪಿ0102 (ಮ್ಯಾಫ್ ಸಿಗ್ನಲ್ ತೀರಾ ಕಡಿಮೆ) ಬರ್ತಿತ್ತು. ಅದರ ಜಾಗಕ್ಕೆ ಆಫ್ಟರ್‌ಮಾರ್ಕೆಟ್ ಸೆಟ್ ಕೂತಿದೆ: ಸೆನ್ಸರ್, ಅದರದ್ದೇ ಹೌಸಿಂಗ್, ಥ್ರಾಟಲ್‌ವರೆಗೆ ನುಣುಪಾದ ಪೈಪ್, ಮುಂದೆ ಕೋನ್ ಫಿಲ್ಟರ್.

ಮೊದಲು ಐಡ್ಲಿಂಗ್ 750 ಆರ್‌ಪಿಎಂನಲ್ಲಿ ಅಲ್ಲಾಡದೆ ನಿಲ್ತಿತ್ತು. ಈಗ 600ರಿಂದ 900ರ ನಡುವೆ ಏರಿ ಇಳಿಯುತ್ತೆ, ಬ್ರೇಕ್ ಹಾಕಿ ನಿಲ್ಲಿಸುವಾಗ ಆಫ್ ಆಗೋ ಹಾಗೆ ಬೀಳುತ್ತೆ. 2500ರಲ್ಲಿ ಹಿಡಿದರೆ ನಡುಕ ಇಲ್ಲ. ಪಿ0102 ಹೋಯ್ತು, ಎರಡು ದಿನಕ್ಕೆ ಪಿ0171 (ಮಿಶ್ರಣ ಲೀನ್, ಅಂದ್ರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಬಂತು.

ಪ್ಲಗ್, ಕಾಯಿಲ್ ಎಲ್ಲಾ ಹೊಸದು. ಮಿಸ್‌ಫೈರ್ ಕೋಡ್ ಇಲ್ಲ. ಎಲ್ಲಿಂದ ಶುರು ಮಾಡಬೇಕು?

ಗೇರ್‌ಬಾಕ್ಸ್_7
ಬ್ಯಾಟರಿ ನೆಗೆಟಿವ್ ಅರ್ಧ ಗಂಟೆ ಬಿಚ್ಚಿಡಿ. ಇಸಿಯು (ಎಂಜಿನ್ ಕಂಪ್ಯೂಟರ್) ಹೊಸ ಸೆನ್ಸರ್‌ಗೆ ತಾನೇ ಹೊಂದ್ಕೊಳ್ಳುತ್ತೆ.

ಬಿಸಿತಂತಿ
ಈಗಲೇ ಬಿಚ್ಚಬೇಡಿ, ದಯವಿಟ್ಟು. ಬ್ಯಾಟರಿ ತೆಗೆದರೆ ಲಾಂಗ್ ಟರ್ಮ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ಕಲಿತು ಮಾಡೋ ಶೇಕಡಾವಾರು ತಿದ್ದುಪಡಿ) ಸೊನ್ನೆಗೆ ಹೋಗುತ್ತೆ, ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದ ದಾಖಲೆ) ಅಳಿಸಿಹೋಗುತ್ತೆ, ರೆಡಿನೆಸ್ ಮಾನಿಟರ್‌ಗಳೂ (ಗಾಡಿಯ ಸ್ವಯಂ ಪರೀಕ್ಷೆಗಳ ಸ್ಥಿತಿ) ಹೋಗುತ್ತವೆ. ಇಸಿಯು ಇಷ್ಟು ದಿನದಲ್ಲಿ ಕಲಿತಿರೋ ತಿದ್ದುಪಡಿಯೇ ನಮಗೆ ಸಿಕ್ಕಿರೋ ಒಂದೇ ಸಾಕ್ಷಿ. ಮೊದಲು ಅದನ್ನ ಬರೆದುಕೊಳ್ಳಿ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್, ಲೈಟ್ ಆಫ್ ಮಾಡಿ ಸ್ಕ್ಯಾನರ್‌ನಲ್ಲಿ ನೋಡಿ: ಶಾರ್ಟ್ ಟರ್ಮ್ ಟ್ರಿಮ್ (ಆ ಕ್ಷಣದ ತಿದ್ದುಪಡಿ), ಲಾಂಗ್ ಟರ್ಮ್ ಟ್ರಿಮ್, ಮ್ಯಾಫ್ ಗ್ರಾಂ/ಸೆಕೆಂಡ್. ಐಡ್ಲಿಂಗ್‌ನಲ್ಲಿ ಒಂದು ಸಲ, 2500ರಲ್ಲಿ ಅರ್ಧ ನಿಮಿಷ ಹಿಡಿದು ಇನ್ನೊಂದು ಸಲ. ಈ ಆರು ಸಂಖ್ಯೆ ಹಾಕಿ, ಆಮೇಲೆ ಮಾತಾಡೋಣ.

ಹಳೇಸ್ಪ್ಯಾನರ್
ಅದರ ಜೊತೆ, ಹೌಸಿಂಗ್ ಮೇಲಿನ ಬಾಣದ ಗುರುತು ಥ್ರಾಟಲ್ ಕಡೆಗೇ ಇದೆಯಾ ನೋಡಿ. ಉಲ್ಟಾ ಕೂತಿರೋದು ಅಪರೂಪ ಅಲ್ಲ. ಸೆನ್ಸರ್ ಕೂರುವ ಜಾಗದ ಓ-ರಿಂಗ್ ಹಿಚುಕಿ ಹೊರಗೆ ಬಂದಿದೆಯಾ, ಕ್ಲಾಂಪ್ ಪೂರ್ತಿ ಬಿಗಿಯಾಗಿದೆಯಾ ಅಂತಾನೂ ನೋಡಿ.

ನಾಲ್ಕುಸಿಲಿಂಡರ್
ಬಾಣ ಸರಿ ಇದೆ. ಓ-ರಿಂಗ್ ತೆಗೆದು ನೋಡಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆ. ವ್ಯತ್ಯಾಸ ಏನೂ ಇಲ್ಲ.

ಐಡ್ಲಿಂಗ್: ಶಾರ್ಟ್ +12, ಲಾಂಗ್ +18, ಮ್ಯಾಫ್ 1.85.
2500: ಶಾರ್ಟ್ +2, ಲಾಂಗ್ +18, ಮ್ಯಾಫ್ 6.6.

ಇನ್ನೊಂದು ಆ್ಯಪ್‌ನಲ್ಲಿ ಐಡ್ಲಿಂಗ್‌ನಲ್ಲೇ 6.7 ತೋರಿಸ್ತಿದೆ. ಯಾವುದನ್ನ ನಂಬೋದು?

ಕಪ್ಪುಹೊಗೆ
1.6 ಎಂಜಿನ್‌ಗೆ ಐಡ್ಲಿಂಗ್‌ನಲ್ಲಿ 6.7 ಅಂದ್ರೆ ವಿಪರೀತ. ಸೆನ್ಸರ್ ಜಾಸ್ತಿ ಓದ್ತಿದೆ.

ಮಲ್ಟಿಮೀಟರ್
ಎರಡೂ ಒಂದೇ ಓದು. ಆ ಆ್ಯಪ್ ಕೆಜಿ/ಗಂಟೆ ಲೆಕ್ಕದಲ್ಲಿ ತೋರಿಸ್ತಿದೆ. 1 ಗ್ರಾಂ/ಸೆಕೆಂಡ್ = 3.6 ಕೆಜಿ/ಗಂಟೆ. 1.85 × 3.6 = 6.66. ಸೆಟ್ಟಿಂಗ್ಸ್‌ನಲ್ಲಿ ಘಟಕ ಬದಲಾಯಿಸಿ.

ಸೆನ್ಸರ್ ಜಾಸ್ತಿ ಓದ್ತಿದ್ರೆ ಇಸಿಯು ಪೆಟ್ರೋಲ್ ಕಡಿಮೆ ಮಾಡ್ತಿತ್ತು, ಟ್ರಿಮ್ ಮೈನಸ್ ಇರ್ತಿತ್ತು, ಕೋಡ್ ಪಿ0172 (ಮಿಶ್ರಣ ರಿಚ್, ಅಂದ್ರೆ ಪೆಟ್ರೋಲ್ ಹೆಚ್ಚು) ಬರ್ತಿತ್ತು. ಇಲ್ಲಿ ಟ್ರಿಮ್ ಪ್ಲಸ್. ಅಂದ್ರೆ ಎಂಜಿನ್ ಒಳಗೆ ಹೋಗ್ತಿರೋ ಗಾಳಿಗಿಂತ ಕಡಿಮೆ ಗಾಳಿ ಲೆಕ್ಕಕ್ಕೆ ಬರ್ತಿದೆ.

ಬಿಸಿತಂತಿ
ಈಗ ದಾರಿ ಕಾಣ್ತಿದೆ. ಶಾರ್ಟ್ ಮತ್ತು ಲಾಂಗ್ ಕೂಡಿಸಿ: ಐಡ್ಲಿಂಗ್‌ನಲ್ಲಿ +30, 2500ರಲ್ಲಿ +20. ಸರಿ ಇರೋ ಎಂಜಿನ್‌ನಲ್ಲಿ ಈ ಮೊತ್ತ ಪ್ಲಸ್ ಮೈನಸ್ 5ರ ಒಳಗೆ ಇರಬೇಕು, 10 ದಾಟಿದ್ರೆ ಏನೋ ಇದೆ ಅಂತ.

ವ್ಯಾಕ್ಯೂಮ್ ಲೀಕ್ (ಸೆನ್ಸರ್ ತಪ್ಪಿಸಿ ಎಂಜಿನ್ ಎಳೆದುಕೊಳ್ಳೋ ಗಾಳಿ) ಒಂದೇ ಆಗಿದ್ದರೆ ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು, 2500ಕ್ಕೆ ಹೋದಾಗ ಸೊನ್ನೆ ಹತ್ತಿರಕ್ಕೆ ಬರಬೇಕಿತ್ತು. ಲೀಕ್ ಆಗೋ ಗಾಳಿ ಹೆಚ್ಚೂ ಕಡಿಮೆ ಅಷ್ಟೇ ಇರುತ್ತೆ, ಒಟ್ಟು ಗಾಳಿ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತೆ, ಹಾಗಾಗಿ ಅದರ ಪಾಲು ಕರಗಿಹೋಗುತ್ತೆ. ಸೆನ್ಸರ್ ಕಡಿಮೆ ಓದೋದು ಒಂದೇ ಆಗಿದ್ದರೆ ಎರಡೂ ಕಡೆ ಸುಮಾರು ಒಂದೇ ಟ್ರಿಮ್ ಇರಬೇಕಿತ್ತು. ನಿಮ್ಮದು ಎರಡೂ ಅಲ್ಲ: 2500ರಲ್ಲೂ ಬಿಡದ ದೊಡ್ಡ ಪ್ಲಸ್, ಅದರ ಮೇಲೆ ಐಡ್ಲಿಂಗ್‌ನಲ್ಲಿ ಇನ್ನೂ ಹತ್ತು. ನನ್ನ ಪ್ರಕಾರ ದೋಷ ಎರಡು, ಒಂದರ ಮೇಲೊಂದು ಕೂತಿವೆ. ಒಂದನ್ನ ಸರಿಮಾಡಿ "ಆಗ್ಲಿಲ್ಲ" ಅಂತ ವಾಪಸ್ ಹಾಕಿದ್ರೆ ಯಾವತ್ತೂ ಸಿಗಲ್ಲ.

ಹಳೇಸ್ಪ್ಯಾನರ್
ಹಾಗಾದ್ರೆ ಮ್ಯಾಫ್‌ನಿಂದ ಥ್ರಾಟಲ್‌ವರೆಗಿನ ಪೈಪ್‌ನಲ್ಲೇ ಲೀಕ್. ಹೊಸ ಪೈಪ್, ಹೊಸ ಕ್ಲಾಂಪ್, ಅಲ್ಲೇ ಆಗಿರುತ್ತೆ.

ಬಿಸಿತಂತಿ
ಅಣ್ಣಾ, ಇಲ್ಲಿ ಮಾತ್ರ ಒಪ್ಪಲ್ಲ. ಆ ಪೈಪ್ ಥ್ರಾಟಲ್‌ಗಿಂತ ಮುಂಚೆ ಇದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿರೋದ್ರಿಂದ ಅಲ್ಲಿ ಎಳೆತವೇ ಇಲ್ಲ, ಒತ್ತಡ ಹೊರಗಿನದಕ್ಕೆ ಹೆಚ್ಚೂ ಕಡಿಮೆ ಸಮ. ಐಡ್ಲಿಂಗ್‌ನಲ್ಲೇ ಜಾಸ್ತಿ ತೊಂದರೆ ಕೊಡೋ ಲೀಕ್ ಅಂದ್ರೆ ಅದು ಥ್ರಾಟಲ್ ಆಚೆಗಿನ ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ಗೆ ಸೇರಿರಬೇಕು: ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಹೋಸ್, ಪರ್ಜ್ ವಾಲ್ವ್ (ಟ್ಯಾಂಕ್‌ನ ಪೆಟ್ರೋಲ್ ಆವಿ ಎಂಜಿನ್‌ಗೆ ಬಿಡೋದು), ಪಿಸಿವಿ (ಕ್ರ್ಯಾಂಕ್‌ಕೇಸ್ ಗಾಳಿ ಮ್ಯಾನಿಫೋಲ್ಡ್‌ಗೆ ಬಿಡೋ ವಾಲ್ವ್).

ಹಳೇಸ್ಪ್ಯಾನರ್
ಸರಿ, ಅದು ಒಪ್ಪತಕ್ಕ ಮಾತೇ. ಆದ್ರೂ ಎಂಜಿನ್ ಟಾರ್ಕ್‌ಗೆ ಅಲುಗಾಡಿದಾಗ ಬಾಯಿಬಿಡೋ ಸೀಳು ಪೈಪ್‌ನಲ್ಲಿ ಇರಬಹುದು, ಕೈಯಲ್ಲಿ ಬಗ್ಗಿಸಿ ನೋಡೋದು ಬಿಡಬೇಡಿ.

ನಾಲ್ಕುಸಿಲಿಂಡರ್
ಸ್ಮೋಕ್ ಟೆಸ್ಟ್ ಮಾಡಿಸಿದೆ, ಮ್ಯಾನಿಫೋಲ್ಡ್‌ಗೆ ಹೊಗೆ ಬಿಟ್ಟು. ಎಲ್ಲೂ ಹೊಗೆ ಬರಲಿಲ್ಲ. ಪರ್ಜ್ ಹೋಸ್ ಒತ್ತಿ ಹಿಡಿದರೂ ಏನೂ ಬದಲಾಗಲ್ಲ. ಬೂಸ್ಟರ್ ಹೋಸ್ ಕೂಡ ಅಷ್ಟೇ.

ಇಂಧನರೇಖೆ
ಒಂದು ಪ್ರಶ್ನೆ. ಹಳೇ ರಬ್ಬರ್ ಹೋಸ್‌ಗೆ ವಾಲ್ವ್ ಕವರ್‌ನಿಂದ ಒಂದು ಬ್ರೀದರ್ ಪೈಪ್ ಬಂದು ಸೇರ್ತಿತ್ತು ಅಲ್ವಾ? ಹೊಸ ಪೈಪ್‌ನಲ್ಲಿ ಅದನ್ನ ಎಲ್ಲಿಗೆ ಕೊಟ್ಟಿದ್ದೀರಿ?

ನಾಲ್ಕುಸಿಲಿಂಡರ್
ಹೊಸ ಪೈಪ್‌ನಲ್ಲಿ ಅದಕ್ಕೆ ಬಾಯಿ ಇಲ್ಲ. ಸೆಟ್ ಜೊತೆ ಒಂದು ಚಿಕ್ಕ ಫಿಲ್ಟರ್ ಕೊಟ್ಟಿದ್ರು, ಅದನ್ನ ಬ್ರೀದರ್ ಪೈಪ್ ತುದಿಗೆ ಸಿಕ್ಕಿಸಿದೆ.

ಇಂಧನರೇಖೆ
ಇದೇ ನಿಮ್ಮ ಎರಡನೇ ದೋಷ.

ಗಾಳಿ ಹೋಗೋ ದಾರಿ ನೋಡಿ. ವಾಲ್ವ್ ಕವರ್‌ನ ಒಂದು ಕಡೆ ಪಿಸಿವಿ ವಾಲ್ವ್, ಅದು ಮ್ಯಾನಿಫೋಲ್ಡ್‌ಗೆ ಸೇರಿದೆ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಅದರ ಮೂಲಕ ಕ್ರ್ಯಾಂಕ್‌ಕೇಸ್‌ನಿಂದ ಎಳೆಯುತ್ತಾ ಇರುತ್ತೆ. ಹಾಗೆ ಎಳೆದ ಗಾಳಿಗೆ ಬದಲಾಗಿ ತಾಜಾ ಗಾಳಿ ಆ ಬ್ರೀದರ್ ಪೈಪ್‌ನಿಂದ ಒಳಗೆ ಬರುತ್ತೆ. ಮೊದಲು ಅದು ಮ್ಯಾಫ್ ದಾಟಿದ ಮೇಲಿನ ಹೋಸ್‌ನಿಂದ ಬರ್ತಿತ್ತು, ಅಂದ್ರೆ ಅಳೆದ ಗಾಳಿ. ಈಗ ಚಿಕ್ಕ ಫಿಲ್ಟರ್‌ನಿಂದ ನೇರ ಹೊರಗಿನ ಗಾಳಿ ಬರ್ತಿದೆ, ಅದು ಯಾರ ಲೆಕ್ಕಕ್ಕೂ ಸಿಗಲ್ಲ. ನೋಡೋಕೆ ಅಚ್ಚುಕಟ್ಟಾಗಿ ಕಾಣುತ್ತೆ, ಕೆಲಸದಲ್ಲಿ ಅದು ವ್ಯಾಕ್ಯೂಮ್ ಲೀಕ್.

ಸ್ಮೋಕ್ ಟೆಸ್ಟ್‌ನಲ್ಲಿ ಸಿಗದೇ ಇರೋಕೂ ಕಾರಣ ಇದೆ. ಎಂಜಿನ್ ನಿಂತಿರುವಾಗ ಪಿಸಿವಿ ವಾಲ್ವ್ ಸ್ಪ್ರಿಂಗ್ ಒತ್ತಡಕ್ಕೆ ಮುಚ್ಚಿರುತ್ತೆ, ಮ್ಯಾನಿಫೋಲ್ಡ್ ಕಡೆಯಿಂದ ಬಂದ ಹೊಗೆ ಅಲ್ಲೇ ತಡೆದು ನಿಲ್ಲುತ್ತೆ.

ಪರೀಕ್ಷೆ ಸುಲಭ. ಎಂಜಿನ್ ಓಡ್ತಿರುವಾಗ ಪಿಸಿವಿ ವಾಲ್ವ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗೋ ಹೋಸ್‌ಗೆ ಬಟ್ಟೆ ಸುತ್ತಿ ಪ್ಲೈಯರ್‌ನಲ್ಲಿ ಒತ್ತಿ ಹಿಡಿಯಿರಿ. ಒಂದು ನಿಮಿಷ ಶಾರ್ಟ್ ಟರ್ಮ್ ಟ್ರಿಮ್ ಮೇಲೆ ಕಣ್ಣಿಡಿ. ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇರಲಿ.

ಗೇರ್‌ಬಾಕ್ಸ್_7
ಬ್ರೀದರ್‌ಗೆ ಚಿಕ್ಕ ಫಿಲ್ಟರ್ ಹಾಕಿದ ಗಾಡಿಗಳು ಎಷ್ಟೋ ಇವೆ, ಏನೂ ಆಗಲ್ಲ. ಇದನ್ನ ದೊಡ್ಡದು ಮಾಡ್ತಿದ್ದೀರಿ ಅನ್ಸುತ್ತೆ.

ಮಲ್ಟಿಮೀಟರ್
ಏನೂ ಆಗದ ಗಾಡಿಗಳಲ್ಲಿ ಹೆಚ್ಚಿನವು ಮ್ಯಾಪ್ ಸೆನ್ಸರ್ ಗಾಡಿಗಳು. ಅವುಗಳಲ್ಲಿ ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಗಾಳಿ ಲೆಕ್ಕ ಹಾಕ್ತಾರೆ. ಗಾಳಿ ಯಾವ ತೂತಿನಿಂದ ಬಂದರೂ ಒತ್ತಡದಲ್ಲಿ ಕಾಣುತ್ತೆ, ಅದಕ್ಕೆ ತಕ್ಕ ಪೆಟ್ರೋಲ್ ಹೋಗುತ್ತೆ. ಅಲ್ಲಿ ಲೀಕ್ ಇದ್ರೆ ಐಡ್ಲಿಂಗ್ ಏರುತ್ತೆ, ಲೀನ್ ಆಗೋದು ಕಡಿಮೆ. ಮ್ಯಾಫ್ ಗಾಡಿಯಲ್ಲಿ ಸೆನ್ಸರ್ ತಪ್ಪಿಸಿ ಬಂದ ಗಾಳಿಗೆ ಪೆಟ್ರೋಲ್ ಇಲ್ಲ. ಇದು ಮ್ಯಾಫ್ ಗಾಡಿ.

ಗೇರ್‌ಬಾಕ್ಸ್_7
ಸರಿ, ಈ ವ್ಯತ್ಯಾಸ ಗಮನಕ್ಕೆ ಬಂದಿರಲಿಲ್ಲ. ಒಪ್ಪಿದೆ.

ಕಪ್ಪುಹೊಗೆ
ಮಧ್ಯೆ ಒಂದು ಪ್ರಶ್ನೆ, ಡೀಸೆಲ್‌ನಲ್ಲೂ ಹೀಗೇ ಆಗುತ್ತಾ?

ಬಿಸಿತಂತಿ
ಬಹುತೇಕ ಇಲ್ಲ. ಡೀಸೆಲ್‌ನಲ್ಲಿ ಐಡ್ಲಿಂಗ್ ನಿಲ್ಲೋದು ಇಂಜೆಕ್ಟರ್‌ಗೆ ಕೊಡೋ ಡೀಸೆಲ್ ಅಳತೆಯಿಂದ. ಮ್ಯಾಫ್‌ನ ದೊಡ್ಡ ಕೆಲಸ ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನ ಮತ್ತೆ ಎಂಜಿನ್‌ಗೆ ಬಿಡೋ ವ್ಯವಸ್ಥೆ) ನಿಯಂತ್ರಣ ಮತ್ತು ಹೊಗೆ ಮಿತಿ. ಅದು ಕಡಿಮೆ ಓದಿದರೆ ಎಳೆತ ಕಡಿಮೆ ಆಗುತ್ತೆ. ಡೀಸೆಲ್ ಐಡ್ಲಿಂಗ್‌ನಲ್ಲಿ ನಡುಗಿದರೆ ಮೊದಲು ಇಂಜೆಕ್ಟರ್ ಲೀಕ್‌ಆಫ್ (ಇಂಜೆಕ್ಟರ್‌ನಿಂದ ವಾಪಸ್ ಹರಿಯೋ ಡೀಸೆಲ್), ಮೌಂಟ್, ತೆರೆದೇ ಉಳಿದ ಇಜಿಆರ್ ನೋಡಿ.

ನಾಲ್ಕುಸಿಲಿಂಡರ್
ಪಿಸಿವಿ ಹೋಸ್ ಒತ್ತಿದ ಕೂಡಲೇ ಶಾರ್ಟ್ +12ರಿಂದ ಇಳಿದು −1ರ ಆಸುಪಾಸಿಗೆ ಬಂತು. ಲಾಂಗ್ +18 ಹಾಗೇ. ಏರಿಳಿತ 700ರಿಂದ 780ರ ನಡುವೆ ಮಾತ್ರ. ಬಿಟ್ಟರೆ ಮತ್ತೆ ಅದೇ ಕಥೆ.

ಅಂದ್ರೆ ಇನ್ನೂ +17 ಉಳೀತು. ಅದು ಸೆನ್ಸರ್?

ಮಲ್ಟಿಮೀಟರ್
ಸೆನ್ಸರ್ ಅನ್ನೋ ಮುಂಚೆ ವೈರಿಂಗ್ ಪರೀಕ್ಷಿಸಿ. ಐದು ಪಿನ್ ಕನೆಕ್ಟರ್ ಆಗಿದ್ದು ಬಾಷ್ ಎಚ್‌ಎಫ್‌ಎಂ5 ಮಾದರಿ ಆಗಿದ್ದರೆ: 1 ಗಾಳಿ ಉಷ್ಣತೆ, 2 ಬ್ಯಾಟರಿ ಸಪ್ಲೈ, 3 ಅರ್ಥ್, 4 ಐದು ವೋಲ್ಟ್, 5 ಸಿಗ್ನಲ್. ಬೇರೆ ಮಾದರಿಗೆ ಪಿನ್ ಜೋಡಣೆ ಬೇರೆ, ಸರ್ಕ್ಯೂಟ್ ಚಿತ್ರ ನೋಡದೆ ಚುಚ್ಚಬೇಡಿ.

ಎಂಜಿನ್ ಓಡ್ತಿರುವಾಗ ಸಪ್ಲೈ ಬ್ಯಾಟರಿ ವೋಲ್ಟೇಜ್‌ಗೆ ಹತ್ತಿರ ಇರಬೇಕು. ಅರ್ಥ್ ಪಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ 50 ಮಿಲಿವೋಲ್ಟ್ ದಾಟಬಾರದು. ಅಲ್ಲಿ 0.2 ವೋಲ್ಟ್ ಬಿದ್ದರೂ ಸಿಗ್ನಲ್ ಅಷ್ಟೇ ಸರಿದುಹೋಗುತ್ತೆ, ಐಡ್ಲಿಂಗ್‌ನಲ್ಲಿ ಅದು ಭಾರಿ ತಪ್ಪು. ಇಗ್ನಿಷನ್ ಆನ್, ಎಂಜಿನ್ ಆಫ್ ಇಟ್ಟು ಸಿಗ್ನಲ್ ನೋಡಿ: ಈ ಮಾದರಿಯಲ್ಲಿ 1.0 ವೋಲ್ಟ್ ಸುತ್ತ ಇರಬೇಕು, ಸ್ಕ್ಯಾನರ್‌ನಲ್ಲಿ ಸೊನ್ನೆ ಅಥವಾ ಸೊನ್ನೆ ಹತ್ತಿರ.

ರೆಂಚ್‌ಸೆಟ್
ಅಥವಾ ಸೆನ್ಸರ್ ಪ್ಲಗ್ ಕಿತ್ತು ನೋಡಿ. ಚೆನ್ನಾಗಿ ಓಡಿದ್ರೆ ಸೆನ್ಸರ್ ಹಾಳು, ಮುಗೀತು.

ಇಂಧನರೇಖೆ
ಅದು ಸುಳಿವು ಕೊಡುತ್ತೆ, ತೀರ್ಪು ಕೊಡಲ್ಲ. ಪ್ಲಗ್ ಕಿತ್ತರೆ ಇಸಿಯು ಥ್ರಾಟಲ್ ಕೋನ ಮತ್ತು ಆರ್‌ಪಿಎಂ ಹಿಡಿದು ಅಂದಾಜಿನ ಪೆಟ್ರೋಲ್ ಕೊಡುತ್ತೆ. ಲೀನ್ ಇದ್ದ ಎಂಜಿನ್‌ಗೆ ಆ ಅಂದಾಜು ಸ್ವಲ್ಪ ರಿಚ್ ಆಗಿದ್ದರೆ ಸಾಕು, ಐಡ್ಲಿಂಗ್ ಸುಧಾರಿಸುತ್ತೆ. ಲೀಕ್‌ನಿಂದ ಲೀನ್ ಆಗಿದ್ದರೂ ಹಾಗೇ ಕಾಣುತ್ತೆ. ಈ ಪರೀಕ್ಷೆ ನಂಬಿ ಒಳ್ಳೇ ಸೆನ್ಸರ್ ಬಿಸಾಡೋದು ಬೇಡ. ಕೆಲವು ಗಾಡಿ ಪ್ಲಗ್ ಕಿತ್ತ ಕೂಡಲೇ ಆಫ್ ಆಗುತ್ತವೆ, ಅದೂ ಏನನ್ನೂ ಸಾಬೀತು ಮಾಡಲ್ಲ.

ನಾಲ್ಕುಸಿಲಿಂಡರ್
ಅದೇ ಐದು ಪಿನ್ ಮಾದರಿ. ಸಪ್ಲೈ 13.9 ವೋಲ್ಟ್, ಅರ್ಥ್ ಡ್ರಾಪ್ 12 ಮಿಲಿವೋಲ್ಟ್, ಗಾಳಿ ಇಲ್ಲದಾಗ ಸಿಗ್ನಲ್ 1.0, ಸ್ಕ್ಯಾನರ್‌ನಲ್ಲಿ 0.

ಬಿಸಿತಂತಿ
ಹಾಗಾದ್ರೆ ಸೆನ್ಸರ್ ಎಲೆಮೆಂಟ್ ಸರಿ ಇರೋ ಸಾಧ್ಯತೆಯೇ ಹೆಚ್ಚು. ಹಳೇ ಹೌಸಿಂಗ್ ಬಿಸಾಡಿಲ್ಲ ತಾನೇ? ಎರಡೂ ಹೌಸಿಂಗ್‌ನ ಒಳವ್ಯಾಸ ಅಳೆಯಿರಿ, ಸೆನ್ಸರ್ ಕೂರುವ ಜಾಗದಲ್ಲೇ. ವರ್ನಿಯರ್ ಕ್ಯಾಲಿಪರ್ ಬಳಸಿ, ಟೇಪ್ ಬೇಡ.

ನಾಲ್ಕುಸಿಲಿಂಡರ್
ಹಳೇದು 60 ಮಿ.ಮೀ. ಹೊಸದು 65 ಮಿ.ಮೀ. ಐದು ಮಿಲಿಮೀಟರ್‌ಗೆ ಇಷ್ಟೆಲ್ಲ ಆಗುತ್ತಾ?

ಬಿಸಿತಂತಿ
ಆಗುತ್ತೆ. ಸೆನ್ಸರ್ ಇಡೀ ಗಾಳಿಯನ್ನ ಅಳೆಯಲ್ಲ. ಪೈಪ್ ಮಧ್ಯದಲ್ಲಿ ತನ್ನ ಕಿಂಡಿಗೆ ಬಿದ್ದಷ್ಟು ಗಾಳಿಯನ್ನ ಮಾತ್ರ ನೋಡುತ್ತೆ. ಹರಿಯೋ ಗಾಳಿಯಿಂದ ಬಿಸಿ ಎಲೆಮೆಂಟ್‌ನ ಎರಡು ಬದಿಯ ಉಷ್ಣತೆಯಲ್ಲಿ ಎಷ್ಟು ವ್ಯತ್ಯಾಸ ಆಗುತ್ತೋ ಅದೇ ಅದರ ಅಳತೆ. ಅಷ್ಟರಿಂದ ಒಟ್ಟು ಗಾಳಿ ಎಷ್ಟು ಅನ್ನೋ ಪಟ್ಟಿ ಇಸಿಯು ಒಳಗಿದೆ, ಆ ಪಟ್ಟಿ 60 ಮಿ.ಮೀ. ಪೈಪ್‌ಗೆ ಬರೆದದ್ದು. ಹೌಸಿಂಗ್ ಸೆನ್ಸರ್‌ನ ಒಂದು ಭಾಗ ಅಂತಲೇ ತಿಳ್ಕೋಬೇಕು.

ಲೆಕ್ಕ: 65 ಭಾಗಿಸು 60, ಅದರ ವರ್ಗ. 1.174. ಅದೇ ಗಾಳಿ 17.4 ಶೇಕಡಾ ಅಗಲವಾದ ಜಾಗದಲ್ಲಿ ಹರಿಯುತ್ತೆ, ಸುಮಾರು 15 ಶೇಕಡಾ ನಿಧಾನ ಆಗುತ್ತೆ, ಇಸಿಯು ಅಷ್ಟು ಕಡಿಮೆ ಅಂತ ಲೆಕ್ಕ ಹಾಕುತ್ತೆ. ಸರಿದೂಗಿಸೋಕೆ ಬೇಕಾದ ಟ್ರಿಮ್ ಸುಮಾರು +17. ನಿಮ್ಮಲ್ಲಿ ಉಳಿದಿದ್ದು ಎಷ್ಟು? +17.

ಬಿಸಿಯಾದ ಎಂಜಿನ್ 750ರಲ್ಲಿ ಲೀಟರ್‌ಗೆ ಒಂದರಿಂದ ಒಂದೂವರೆ ಗ್ರಾಂ/ಸೆಕೆಂಡ್ ಎಳೆಯೋದು ಸಾಮಾನ್ಯ. 1.85ಕ್ಕೆ ನಿಮ್ಮ +30 ಸೇರಿಸಿದರೆ 2.4. 1.6 ಲೀಟರ್‌ಗೆ ಅದು ಕೂಡುತ್ತೆ.

ರೆಂಚ್‌ಸೆಟ್
ಬ್ರೀದರ್ ಸರಿ ಮಾಡಿ ಬಿಟ್ಟುಬಿಡಿ ಹಾಗಾದ್ರೆ. +17 ಇಸಿಯು ಸುಧಾರಿಸ್ಕೊಳ್ಳುತ್ತೆ, 25ರ ಹತ್ತಿರ ಹೋದ್ರೆ ತಾನೇ ಕೋಡ್ ಬರೋದು?

ಇಂಧನರೇಖೆ
ಖಂಡಿತ ಬೇಡ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ಎಂಜಿನ್ ಹಾಳಾಗೋದು. ಟ್ರಿಮ್ ತಿದ್ದೋದು ಪೆಟ್ರೋಲ್ ಮಾತ್ರ, ಅದೂ ಮುಖ್ಯವಾಗಿ ಆಕ್ಸಿಜನ್ ಸೆನ್ಸರ್ ನೋಡಿ ಓಡೋ ಕ್ಲೋಸ್ಡ್ ಲೂಪ್‌ನಲ್ಲಿ. ಮ್ಯಾಫ್ ಓದಿನಿಂದ ಇಸಿಯು ಎಂಜಿನ್ ಮೇಲಿನ ಲೋಡ್ ಲೆಕ್ಕ ಹಾಕುತ್ತೆ, ಆ ಲೋಡ್ ನೋಡಿ ಸ್ಪಾರ್ಕ್ ಎಷ್ಟು ಮುಂಚೆ ಕೊಡಬೇಕು ಅಂತ ತೀರ್ಮಾನಿಸುತ್ತೆ. ಗಾಳಿ ಕಡಿಮೆ ಅಂತ ಕಂಡರೆ ಲೋಡ್ ಕಡಿಮೆ ಅಂದುಕೊಂಡು ಸ್ಪಾರ್ಕ್ ಹೆಚ್ಚು ಅಡ್ವಾನ್ಸ್ ಮಾಡುತ್ತೆ. ಏರು ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಲೀನ್ ಮಿಶ್ರಣ, ಜಾಸ್ತಿ ಅಡ್ವಾನ್ಸ್, ಎರಡೂ ಸೇರಿದರೆ ನಾಕಿಂಗ್ (ಮಿಶ್ರಣ ನಿಯಂತ್ರಣ ತಪ್ಪಿ ಸಿಡಿಯೋದು). ನಾಕ್ ಸೆನ್ಸರ್ ಹಿಂದಕ್ಕೆ ಎಳೆಯುತ್ತೆ, ಆದ್ರೆ ಅದು ಸದ್ದು ಕೇಳಿದ ಮೇಲಷ್ಟೇ.

ದಾರಿ ಎರಡು. ಹೊಸ ಸೆನ್ಸರ್ ಎಲೆಮೆಂಟನ್ನ ಹಳೇ 60ರ ಹೌಸಿಂಗ್‌ಗೆ ಹಾಕೋದು, ಅಥವಾ ಇಸಿಯು ಒಳಗಿನ ಮ್ಯಾಫ್ ಪಟ್ಟಿಯ ಪ್ರತಿ ಅಂಕಿಯನ್ನ 1.17ರಿಂದ ಗುಣಿಸಿ ರೀಮ್ಯಾಪ್ ಮಾಡೋದು. ಎರಡನೇದು ಲೋಡ್ ಹಾಕಿ, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಟ್ಟು ತಾಳೆ ನೋಡೋ ಕೆಲಸ. ಬೇರೆ ಬದಲಾವಣೆ ಇಲ್ಲದ ಎಂಜಿನ್‌ಗೆ 60 ಮಿ.ಮೀ. ಧಾರಾಳ ಸಾಕು. ಮೊದಲನೇದು ಮಾಡಿ.

ಹಳೇಸ್ಪ್ಯಾನರ್
ಹಳೇ ಹೌಸಿಂಗ್ ಹಾಕುವಾಗ ಮುಂದಿನ ಜಾಲರಿ ತೆಗೀಬೇಡಿ. ಗಾಳಿಯ ಸುಳಿ ಬಿಡಿಸಿ ನೇರ ಮಾಡೋಕೇ ಅದು ಇರೋದು. ಕೋನ್ ಫಿಲ್ಟರ್ ನೇರ ಸೆನ್ಸರ್ ಮುಂದೆ ಕೂತರೆ, ಫಿಲ್ಟರ್ ತಿರುಗಿಸಿದ ಕೋನಕ್ಕೂ ಓದು ಬದಲಾಗುತ್ತೆ.

ಎಣ್ಣೆ ಸವರೋ ಹತ್ತಿ ಫಿಲ್ಟರ್ ಆಗಿದ್ದರೆ ಎಣ್ಣೆ ಹೆಚ್ಚಾಗದ ಹಾಗೆ ನೋಡ್ಕೊಳ್ಳಿ, ಅದು ಎಲೆಮೆಂಟ್ ಮೇಲೆ ಕೂತು ಧೂಳು ಹಿಡಿಯುತ್ತೆ. ತೊಳೆಯೋಕೆ ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ. ಕಾರ್ಬ್ ಕ್ಲೀನರ್, ಬ್ರೇಕ್ ಕ್ಲೀನರ್ ಬೇಡ. ಬಟ್ಟೆ, ಹತ್ತಿ ಕಡ್ಡಿ ತಾಗಿಸಬೇಡಿ, ಕಂಪ್ರೆಸರ್ ಗಾಳಿಯೂ ಬೇಡ. ಪೂರ್ತಿ ಒಣಗಿದ ಮೇಲೆ ಕನೆಕ್ಟರ್ ಹಾಕಿ.

ಬಿಸಿತಂತಿ
ಮತ್ತೆ ಒಂದು ಮಾತು: ಒಂದೇ ಸಲ ಎರಡನ್ನೂ ಬದಲಾಯಿಸಬೇಡಿ. ಮೊದಲು ಬ್ರೀದರ್, ಟ್ರಿಮ್ ಬರೆದುಕೊಳ್ಳಿ. ಆಮೇಲೆ ಹೌಸಿಂಗ್. ಅದಾದ ಮೇಲೆ ಸ್ಕ್ಯಾನರ್‌ನಲ್ಲಿ ಟ್ರಿಮ್ ಅಳಿಸಿ. ಈಗ ಅಳಿಸೋಕೆ ಅರ್ಥ ಇದೆ, ಹಳೇ +18 ಉಳಿದರೆ ಸ್ವಲ್ಪ ಹೊತ್ತು ರಿಚ್ ಓಡುತ್ತೆ. ಕೊನೆಗೆ ಥ್ರಾಟಲ್ ಐಡಲ್ ರೀಲರ್ನ್ (ಐಡ್ಲಿಂಗ್‌ಗೆ ಥ್ರಾಟಲ್ ಸ್ಥಾನ ಇಸಿಯುಗೆ ಮತ್ತೆ ಕಲಿಸೋದು). ಆ ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದ್ದ ಹಾಗೇ ಮಾಡಿ.

ನಾಲ್ಕುಸಿಲಿಂಡರ್
ಕ್ರಮವಾಗಿ ಮಾಡಿದೆ.

ಹಳೇ ರಬ್ಬರ್ ಹೋಸ್ ವಾಪಸ್ ಹಾಕಿ ಬ್ರೀದರ್ ಜೋಡಿಸಿದೆ, ಹೌಸಿಂಗ್ 65ರದ್ದೇ: ಒಟ್ಟು ಟ್ರಿಮ್ ಐಡ್ಲಿಂಗ್‌ನಲ್ಲಿ +17, 2500ರಲ್ಲಿ +17, ಮ್ಯಾಫ್ 2.05. ಅಲ್ಲಿಗೆ ಏರಿಳಿತ ನಿಂತಿತು.

ಆಮೇಲೆ ಎಲೆಮೆಂಟ್ ಬಿಚ್ಚಿ 60ರ ಹೌಸಿಂಗ್‌ಗೆ ಹಾಕಿದೆ, ಎರಡು ಸ್ಕ್ರೂ, ಹೊಸ ಓ-ರಿಂಗ್. ಟ್ರಿಮ್ ಅಳಿಸಿ, ರೀಲರ್ನ್ ಮಾಡಿ, ನಾಲ್ಕು ಸಲ ಓಡಿಸಿದ ಮೇಲೆ: ಐಡ್ಲಿಂಗ್ +2, 2500ರಲ್ಲಿ +1, ಮ್ಯಾಫ್ 2.4. ಸೂಜಿ 750 ಬಿಟ್ಟು ಅಲ್ಲಾಡ್ತಿಲ್ಲ.

ಕಪ್ಪುಹೊಗೆ
ಎಸಿ ಹಾಕಿದಾಗ?

ನಾಲ್ಕುಸಿಲಿಂಡರ್
ಒಂದು ಕ್ಷಣ 700ಕ್ಕೆ ಇಳಿದು 800ಕ್ಕೆ ಬಂದು ನಿಲ್ಲುತ್ತೆ. ಮೊದಲೂ ಹಾಗೇ ಇತ್ತು.

ಮಲ್ಟಿಮೀಟರ್
ಒಂದು ಬಾಕಿ. ಗಾಳಿ ಉಷ್ಣತೆ ಸೆನ್ಸರ್ ಅದೇ ಎಲೆಮೆಂಟ್‌ನಲ್ಲಿ ಇದೆ, ಹೊಸದರ ಎನ್‌ಟಿಸಿ (ಉಷ್ಣತೆಗೆ ತಕ್ಕ ಹಾಗೆ ರೋಧ ಬದಲಾಗೋ ಭಾಗ) ಬೇರೆ ಇದ್ದರೆ ಓದು ತಪ್ಪಿರುತ್ತೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡೋ ಮುಂಚೆ ಇಗ್ನಿಷನ್ ಆನ್ ಮಾಡಿ ಗಾಳಿ ಉಷ್ಣತೆ ಮತ್ತು ಕೂಲೆಂಟ್ ಉಷ್ಣತೆ ಹೋಲಿಸಿ. ಐದು ಡಿಗ್ರಿ ಒಳಗೆ ಇರಬೇಕು.

ನಾಲ್ಕುಸಿಲಿಂಡರ್
ಬೆಳಿಗ್ಗೆ ನೋಡಿದೆ. ಗಾಳಿ 23, ಕೂಲೆಂಟ್ 24.

ಮಲ್ಟಿಮೀಟರ್
ಸರಿ ಇದೆ.